ಸಾಗರದ್ವೀಪಗಳ ಸಸ್ಯಗಳೂ ಬಿ.ಜಿ.ಎಲ್. ಸ್ವಾಮಿಯವರೂ

(ಬಮ್ಮಿಗಟ್ಟಿಯಲ್ಲಿ ಮಾಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಮಹಾಸಾಗರದ ನಡುವಣ ದ್ವೀಪಗಳಲ್ಲಿ ಹೊಸ ಜೀವಪ್ರಭೇದಗಳು ಕಂಡುಬರುವ ಬಗೆಯನ್ನೂ, ಕಂಡುಬಂದವುಗಳನ್ನು ಶಾಸ್ತ್ರೀಯವಾಗಿ ವರ್ಗೀಕರಿಸುವ ಕ್ರಮವನ್ನೂ ಕುರಿತು ನಾನು ಮಾತನಾಡಲಿರುವೆನೆಂದು ತಿಳಿದಾಗ, ಅತ್ತ ಎರೆಯ ಸೀಮೆಗೂ ಇತ್ತ ಮಲೆಯ ಸೀಮೆಗೂ ನಡುವೆ ನೆಲಸಿ ಹೊಲ, ಕೆರೆ, ಅಡವಿಗಳ ಚಿಂತೆಯಲ್ಲಿ ಬಾಳುತ್ತಿರುವ ಈ ಊರಿನಲ್ಲಿ ಅಂಥ ವಿಷಯಕ್ಕೆ ಏನು ಪ್ರಸಕ್ತಿಯೆಂದು ಕೆಲವು ಮಿತ್ರರು ಕೇಳಿದರು. ಪ್ರಶ್ನೆ ಸಹಜವಾದುದು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆ ಈ ಸೀಮೆಯ ಹಳ್ಳಗಳನ್ನು ಕೂಡಿಸಿಕೊಂಡು ಬೇಡ್ತಿಯೆನಿಸಿ, ಮಾಗೋಡಿನಲ್ಲಿ ಧುಮ್ಮಿಕ್ಕಿ, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುವುದಾದ್ದರಿಂದ ಕಡಲು ನಮಗೆ ತೀರ ಹೊರಗಿನದೇನೂ ಅಲ್ಲವೆಂದು ಉತ್ತರ ಕೊಡಬಹುದಾಗಿತ್ತು. ಆದರೆ ಅದಕ್ಕಿಂತ ಬಲವಾದ ಉತ್ತರವೊಂದು ಇದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಪೆಸಿಫಿಕ್ ಮಹಾಸಾಗರದ ದ್ವೀಪಗಳಿಂದ ಬಂದ ಕೆಲವು ವಿಲಕ್ಷಣ ಸಸ್ಯಗಳು ಯಾವ ವಂಶಕ್ಕೆ ಸೇರಿದವು, ಸಸ್ಯಲೋಕದಲ್ಲಿ ಅವುಗಳ ಸ್ಥಾನ ಯಾವುದು ಎಂಬ ನಿರ್ಣಯಕ್ಕಾಗಿ ದುಡಿದವರಲ್ಲಿ ಒಬ್ಬರು ಕನ್ನಡಿಗರು. ಬೇರೆ ಯಾರೂ ಅಲ್ಲ, 'ಹಸುರು ಹೊನ್ನು' ಗ್ರಂಥವನ್ನು ಬರೆದ ಬಿ.ಜಿ.ಎಲ್. ಸ್ವಾಮಿಯವರು.

ಡಿ.ವಿ. ಗುಂಡಪ್ಪನವರ ಪುತ್ರರೆಂದೂ, 'ಕಾಲೇಜು ರಂಗ', 'ತಮಿಳು ತಲೆಗಳ ನಡುವೆ' ಮೊದಲಾದ ಕೃತಿಗಳ ಕರ್ತೃಗಳೆಂದೂ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಪ್ರಾಂಶುಪಾಲರೂ ಆದವರೆಂದೂ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರೆಂದೂ ಕನ್ನಡದ ಓದುಗರೆಲ್ಲ ಸ್ವಾಮಿಯವರನ್ನು ಬಲ್ಲರು. ಗಿಡಮರಗಳ ವಿಷಯವನ್ನು ಕಥೆಯಷ್ಟು ಸರಸವಾಗಿ ಹೇಳಬಲ್ಲ ಆ ಲೇಖನಿಯ ಹಿಂದೆ ಸೂಕ್ಷ್ಮದರ್ಶಕದ ಮುಂದೆ ವರ್ಷಗಟ್ಟಲೆ ಕುಳಿತ ಶ್ರದ್ಧೆಯೊಂದಿತ್ತೆಂಬುದನ್ನೂ, ಆ ಶ್ರದ್ಧೆಯ ಫಲ ಇಂದಿಗೂ ಜಗತ್ತಿನ ಸಸ್ಯಶಾಸ್ತ್ರಜ್ಞರ ಲೇಖನಗಳಲ್ಲಿ ಉಲ್ಲೇಖಗೊಳ್ಳುತ್ತಿದೆಯೆಂಬುದನ್ನೂ ಬಲ್ಲವರು ಮಾತ್ರ ವಿರಳ. ಇಂದಿನ ಉಪನ್ಯಾಸ ಆ ಕೊರತೆಯನ್ನು ಕಿಂಚಿತ್ತಾದರೂ ತುಂಬುವ ಪ್ರಯತ್ನ.

ಮೊದಲು ದ್ವೀಪಗಳ ಮಾತು. ದ್ವೀಪಗಳಲ್ಲಿ ಎರಡು ಬಗೆ. ಒಂದು ಕಾಲಕ್ಕೆ ಭೂಖಂಡದ ಅಂಗವಾಗಿದ್ದು, ನೆಲ ಕುಸಿದೋ ನೀರು ಏರಿಯೋ ಬೇರ್ಪಟ್ಟವು ಒಂದು ಬಗೆಯವು. ಸಾಗರದ ತಳದಿಂದ ಜ್ವಾಲಾಮುಖಿಯಾಗಿ ಮೇಲೆದ್ದು, ಯಾವ ಕಾಲದಲ್ಲಿಯೂ ಯಾವ ಖಂಡವನ್ನೂ ಮುಟ್ಟದೆ ನಿಂತವು ಇನ್ನೊಂದು ಬಗೆಯವು. ಆಲ್ಫ್ರೆಡ್ ರಸೆಲ್ ವಾಲೇಸ್ 1880ರಲ್ಲಿ ಪ್ರಕಟಿಸಿದ ದ್ವೀಪಜೀವನವನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ಭೇದವನ್ನು ವಿಸ್ತಾರವಾಗಿ ವಿವೇಚಿಸಿದ್ದಾರೆ. ನಮ್ಮ ಕರಾವಳಿಯ ನೇತ್ರಾಣಿಯೂ ಮಲ್ಪೆಯ ಎದುರಿನ ದ್ವೀಪಗಳೂ ಎಷ್ಟೇ ಮನೋಹರವಾಗಿದ್ದರೂ ದಡಕ್ಕೆ ಅತಿ ಸಮೀಪದಲ್ಲಿರುವುದರಿಂದ ಎರಡನೆಯ ಬಗೆಗೆ ಸೇರತಕ್ಕವಲ್ಲ. ಭಾರತದಲ್ಲಿ ಅದಕ್ಕೆ ನಿದರ್ಶನ ಬೇಕಾದರೆ ಅಂಡಮಾನ್ ಸಮುದ್ರದ ನಾರ್ಕೊಂಡಮ್ ಎಂಬ ಜ್ವಾಲಾಮುಖಿ ದ್ವೀಪವನ್ನು ನೋಡಬೇಕು. ಸುಮಾರು ಏಳು ಚದರ ಕಿಲೋಮೀಟರಿನ ಆ ಪುಟ್ಟ ನೆಲದಲ್ಲಿ ಮಾತ್ರವೇ ವಾಸಿಸುವ, ಜಗತ್ತಿನಲ್ಲಿ ಮತ್ತೆಲ್ಲಿಯೂ ಇಲ್ಲದ ಮಂಗಟ್ಟೆ ಹಕ್ಕಿಯೊಂದಿದೆ. ಮುಂದೆ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣಪುರುಷರಾದ ಅಲನ್ ಆಕ್ಟೇವಿಯನ್ ಹ್ಯೂಮ್ ಅವರೇ 1873ರಲ್ಲಿ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿದರು.

ಕಡಲಿನಿಂದ ಹೊಸದಾಗಿ ಮೇಲೆದ್ದ ನೆಲ ಬರಿದಾಗಿರುತ್ತದೆ. ಅಲ್ಲಿಗೆ ಜೀವ ಬರಬೇಕಾದರೆ ಗಾಳಿಯಲ್ಲಿ ತೇಲಿಯೋ, ಹಕ್ಕಿಯ ಹೊಟ್ಟೆಯಲ್ಲಿಯೋ, ನೀರಿನ ಪ್ರವಾಹದಲ್ಲಿಯೋ ಬರಬೇಕು. ಚಾರ್ಲ್ಸ್ ಡಾರ್ವಿನ್ನರು 87 ಬಗೆಯ ಬೀಜಗಳನ್ನು ಉಪ್ಪುನೀರಿನಲ್ಲಿ 28 ದಿನ ನೆನೆಹಾಕಿ ನೋಡಿದಾಗ 64 ಬಗೆಯವು ಆಮೇಲೂ ಮೊಳೆತವು. ಬೀಜಕ್ಕೆ ಸಾಧ್ಯವಾದದ್ದು ಕಪ್ಪೆಗೆ ಸಾಧ್ಯವಾಗದು, ಏಕೆಂದರೆ ಕಪ್ಪೆಯೂ ಅದರ ತತ್ತಿಯೂ ಉಪ್ಪುನೀರನ್ನು ತಾಳಲಾರವು. ಎಂತಲೇ ಅಪ್ಪಟ ಸಾಗರದ್ವೀಪಗಳಲ್ಲಿ ಸ್ವಾಭಾವಿಕವಾಗಿ ಕಪ್ಪೆಗಳು ಬಹುಮಟ್ಟಿಗೆ ಇಲ್ಲ, ನೆಲದ ಮೇಲೆ ನಡೆದಾಡುವ ಸಸ್ತನಿಗಳೂ ಬಹುಮಟ್ಟಿಗೆ ಇಲ್ಲ, ಹಾರಬಲ್ಲ ಬಾವಲಿಗಳುಂಟು. ಹೀಗೆ ಬಂದು ನೆಲಸಿದ ಅಲ್ಪಸಂಖ್ಯೆಯ ವಲಸೆಗಾರರು ತಮ್ಮ ಮೂಲಬಂಧುಗಳಿಂದ ಸಂಪೂರ್ಣವಾಗಿ ಬೇರ್ಪಟ್ಟು ಸಹಸ್ರಾರು ತಲೆಮಾರುಗಳನ್ನು ಕಳೆದಾಗ, ಪ್ರತಿಯೊಂದು ದ್ವೀಪವೂ ತನ್ನದೇ ಆದ ಪ್ರಭೇದಗಳ ತವರಾಗುತ್ತದೆ. ಡಾರ್ವಿನ್ನರು 1835ರಲ್ಲಿ ಗಲಾಪಗಸ್ ದ್ವೀಪಗಳಿಂದ ತಂದ ಗಿಡಗಳನ್ನು ಹತ್ತು ವರ್ಷಗಳ ಬಳಿಕ ಪರೀಕ್ಷಿಸಿದವರು ಅವರ ಮಿತ್ರ ಜೋಸೆಫ್ ಹೂಕರ್. ಜೇಮ್ಸ್ ದ್ವೀಪದ 71 ಪ್ರಭೇದಗಳಲ್ಲಿ 38 ಆ ದ್ವೀಪಸ್ತೋಮದಲ್ಲಿ ಮಾತ್ರ ಇರತಕ್ಕವು, ಆ 38ರಲ್ಲಿಯೂ 30 ಆ ಒಂದೇ ದ್ವೀಪಕ್ಕೆ ಸೀಮಿತವಾದವು ಎಂಬುದು ಆಗ ಬೆಳಕಿಗೆ ಬಂದಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ದ್ವೀಪದಲ್ಲಿ ತಿರುಗಾಡಿ ಗಿಡಗಳನ್ನು ಕಿತ್ತು ಒಣಗಿಸಿ ತಂದವರು ಡಾರ್ವಿನ್. ಅವು ಹೊಸವೆಂದು ತಿಳಿದವರು ಹೂಕರ್. ಪಕ್ಷಿಗಳ ವಿಷಯದಲ್ಲಿಯೂ ಹಾಗೆಯೇ ಆಯಿತು: ಡಾರ್ವಿನ್ನರು ಬೇರೆ ಬೇರೆ ಬಗೆಯವೆಂದು ಭಾವಿಸಿ ತಂದಿದ್ದ ಹಕ್ಕಿಗಳೆಲ್ಲ ಪರಸ್ಪರ ನಿಕಟಬಂಧುಗಳಾದ ಒಂದೇ ಗುಂಪಿನವೆಂದು 1837ರಲ್ಲಿ ಲಂಡನ್ನಿನಲ್ಲಿ ತಿಳಿಸಿದವರು ಜಾನ್ ಗೌಲ್ಡ್. ಹೊಸ ಪ್ರಭೇದವನ್ನು ಕಂಡುಹಿಡಿಯುವುದೆಂದರೆ ದೋಣಿಯಿಂದಿಳಿದವನ ಕಣ್ಣಿಗೆ ವಿಚಿತ್ರವಾದ ಹೂವೊಂದು ಬೀಳುವುದೆಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಕಾಣುವುದು ಕಾರ್ಯದ ಆರಂಭ ಮಾತ್ರ. ಕಂಡದ್ದು ಏನೆಂದು ತಿಳಿಯುವ ಕೆಲಸ ಬಹುಮಟ್ಟಿಗೆ ದ್ವೀಪದಿಂದ ಸಾವಿರಾರು ಮೈಲಿ ದೂರದಲ್ಲಿ, ಒಣಗಿದ ಎಲೆ, ಮದ್ಯಸಾರದಲ್ಲಿ ಅದ್ದಿಟ್ಟ ಹೂವು, ಕಾಂಡದ ತೆಳುಪದರ ಇವುಗಳ ಮುಂದೆ, ಹಿಂದಿನವರು ಬರೆದದ್ದನ್ನೆಲ್ಲ ಓದಿ ಹೋಲಿಸಿ ನೋಡುವವರ ಕೈಯಲ್ಲಿ ನಡೆಯುತ್ತದೆ. ಆ ಹೋಲಿಕೆ ಮುಗಿಯುವವರೆಗೆ ಪ್ರಭೇದ ಕಂಡುಬಂದಿದೆಯೆಂದು ಹೇಳುವಂತಿಲ್ಲ. ಇದು ನನ್ನ ದೃಢವಾದ ಅಭಿಪ್ರಾಯ. ಮುಂದೆ ಹೇಳುವುದೆಲ್ಲ ಇದಕ್ಕೆ ನಿದರ್ಶನ.

ಶಾಸ್ತ್ರದ ವಿಧಿಯನ್ನೂ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಹೊಸ ಪ್ರಭೇದವನ್ನು ಹೆಸರಿಸುವವರು ಲಿನೀಯಸ್ ಕಾಲದಿಂದ ಬಂದ ಪದ್ಧತಿಯಂತೆ ಕುಲದ ಹೆಸರನ್ನೂ ಪ್ರಭೇದದ ಹೆಸರನ್ನೂ ಕೂಡಿಸಿ ಎರಡು ಪದಗಳ ನಾಮವನ್ನಿಡಬೇಕು. ಅದರ ಲಕ್ಷಣವನ್ನು ಬರೆದು ಪ್ರಕಟಿಸಬೇಕು. ಆ ನಾಮಕ್ಕೆ ಆಧಾರವಾದ ಒಂದು ಮೂಲಮಾದರಿಯನ್ನು ಒಣಸಸ್ಯಗಳ ಸಂಗ್ರಹಾಲಯವಾದ ಹರ್ಬೇರಿಯಮ್ಮಿನಲ್ಲಿ ಶಾಶ್ವತವಾಗಿ ಕಾದಿರಿಸಬೇಕು. ಮುಂದೆ ಎಂದಾದರೂ ಸಂದೇಹ ಬಂದರೆ ವರ್ಣನೆಯ ಮಾತಿಗಿಂತ ಆ ಒಣಗಿದ ರೆಂಬೆಯ ಸಾಕ್ಷ್ಯವೇ ಹೆಚ್ಚು. ಸಸ್ಯಗಳ ಲಕ್ಷಣವನ್ನು 1935ರಿಂದ 2011ರ ಕೊನೆಯವರೆಗೆ ಲ್ಯಾಟಿನ್ ಭಾಷೆಯಲ್ಲಿಯೇ ಬರೆಯಬೇಕೆಂಬ ಕಟ್ಟಳೆಯಿತ್ತು. ಸ್ವಾಮಿಯವರ ಕಾಲ ಪೂರ್ತಿಯಾಗಿ ಆ ಅವಧಿಗೆ ಸೇರಿದ್ದು.

ಈಗ ಫಿಜಿ ದ್ವೀಪಗಳಿಗೆ ಬರೋಣ. ಅಲ್ಲಿಯ ಮಳೆಕಾಡಿನಲ್ಲಿ ಸ್ಥಳೀಯರು ಮಾಸಿರಾತು ಎಂದು ಕರೆಯುವ ಎತ್ತರವಾದ ಮರವೊಂದುಂಟು. ಆಲ್ಬರ್ಟ್ ಸ್ಮಿತ್ ಎಂಬ ಅಮೆರಿಕದ ಸಸ್ಯಶಾಸ್ತ್ರಜ್ಞರು 1930ರ ದಶಕದಲ್ಲಿ ಅದರ ಮಾದರಿಯನ್ನು ತಂದರು. ಆದರೆ ಹೂವಿರಲಿಲ್ಲವಾಗಿ ಅದು ಯಾವ ಕುಟುಂಬಕ್ಕೆ ಸೇರಿದ್ದೆಂಬುದು ಬಗೆಹರಿಯದೆ ಉಳಿಯಿತು. ಮುಂದಿನ ದಶಕದ ಆರಂಭದಲ್ಲಿ ಹವಾಯಿಯ ಸಸ್ಯಗಳಿಗಾಗಿ ಜೀವಮಾನವನ್ನೇ ಸವೆಸಿದ ಆಟೊ ಡೆಗೆನರ್ ಅವರು ಫಿಜಿಗೆ ಹೋಗಿ ಹೂವಿನ ಸಮೇತವಾದ ಮಾದರಿಗಳನ್ನು ಸಂಗ್ರಹಿಸಿದ ತರುವಾಯವೇ ಒಗಟು ಬಿಚ್ಚಿಕೊಳ್ಳತೊಡಗಿತು. 1942ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಇರ್ವಿಂಗ್ ವಿಡ್ಮರ್ ಬೈಲಿಯವರೂ ಸ್ಮಿತ್ತರೂ ಕೂಡಿ ಅದಕ್ಕೆ ಡೆಗೆನೇರಿಯ ವಿಟಿಯೆನ್ಸಿಸ್ ಎಂದು ಹೆಸರಿಟ್ಟು, ಅದೊಂದು ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಲ ಮಾತ್ರವೂ ಅಲ್ಲ, ಹೂಬಿಡುವ ಸಸ್ಯಗಳಲ್ಲಿ ಹೊಸತೊಂದು ಕುಟುಂಬವೇ ಅಹುದೆಂದು ಸಾರಿದರು. ಇಪ್ಪತ್ತನೆಯ ಶತಮಾನದ ನಡುವೆ ಮರವೊಂದಕ್ಕೆ ಹೊಸ ಕುಟುಂಬವನ್ನೇ ಕಟ್ಟಬೇಕಾಗಿ ಬಂದದ್ದು ಸಾಮಾನ್ಯ ಘಟನೆಯಲ್ಲ.

ಅದರ ವೈಶಿಷ್ಟ್ಯವೇನೆಂದು ತಿಳಿಯಲು ನಮ್ಮ ಹಿತ್ತಲಿನ ಹೂವೊಂದನ್ನು ಕೈಗೆತ್ತಿಕೊಳ್ಳಬೇಕು. ಸಂಪಿಗೆಯ ಎಸಳುಗಳನ್ನು ಬಿಡಿಸಿದರೆ ನಡುವೆ ಒಂದು ಕಡ್ಡಿಯೂ ಅದರ ಸುತ್ತ ಸುರುಳಿಯಾಗಿ ಜೋಡಣೆಗೊಂಡ ಹಲವಾರು ಹಸುರು ಅಂಡಪರ್ಣಗಳೂ ಕಾಣುತ್ತವೆ. ಕಾಯಿ ಬಲಿತಾಗ ಒಂದೊಂದೂ ಬೇರೆಯಾಗಿ ಬಿರಿದು ಕೆಂಪು ಹೊದಿಕೆಯ ಬೀಜವನ್ನು ತೋರಿಸುತ್ತದೆ. ಡೆಗೆನೇರಿಯ ಈ ಸಂಪಿಗೆಯ ಗಣಕ್ಕೇ ಸೇರಿದ್ದು. ನಮ್ಮ ಸೀತಾಫಲವೂ, ಕಾನಿನ ರಾಮಪತ್ರೆಯೂ ಅದೇ ಗಣದವು. ಆದರೆ ಅದರ ಹೂವಿನಲ್ಲಿರುವುದು ಒಂದೇ ಒಂದು ಅಂಡಪರ್ಣ, ಅದೂ ಅಂಚುಗಳು ಸೇರದೆ ಇರುವಂಥದು. ವೀಳ್ಯದೆಲೆಯನ್ನು ನಡುನರದ ಗುಂಟ ಮಡಿಸಿ, ಒಳಗೆ ಅಡಕೆಯ ಚೂರುಗಳನ್ನಿಟ್ಟು, ಅಂಚುಗಳನ್ನು ಅಂಟಿಸದೆ ಬಿಟ್ಟರೆ ಹೇಗಿರುವುದೋ ಹಾಗೆ, ಮಡಿಕೆಯೊಳಗೆ ಎರಡು ಸಾಲು ಅಂಡಕಗಳಿದ್ದು ಹೊರಗೆ ಅಂಚಿನ ಉದ್ದಕ್ಕೂ ನವಿರಾದ ರೋಮಗಳಿರುತ್ತವೆ. ಪರಾಗ ಬಂದು ಬೀಳುವುದು ಈ ರೋಮಗಳ ಮೇಲೆ. ಇತರ ಹೂಗಳಲ್ಲಿರುವಂತೆ ಅದಕ್ಕಾಗಿ ಪ್ರತ್ಯೇಕವಾದ ಶಲಾಕಾಗ್ರವಿಲ್ಲ. ಕೇಸರಗಳೂ ಎಳೆಯಂತೆ ಸಣ್ಣಗಿರದೆ ಅಗಲವಾಗಿ ಎಲೆಯ ರೂಪದಲ್ಲಿದ್ದು, ಪರಾಗಕೋಶಗಳು ಅವುಗಳ ಮೈಯಲ್ಲಿ ಹುದುಗಿಕೊಂಡಿರುತ್ತವೆ. ಹೂವಿನ ಅಂಗಗಳೆಲ್ಲ ರೂಪಾಂತರಗೊಂಡ ಎಲೆಗಳೆಂಬ ಹಳೆಯ ವಾದಕ್ಕೆ ಇಷ್ಟು ಪ್ರತ್ಯಕ್ಷವಾದ ಸಾಕ್ಷಿ ಮತ್ತೊಂದು ದೊರೆಯದೆಂದು ಆ ಕಾಲದ ವಿದ್ವಾಂಸರು ಹರ್ಷಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಸ್ವಾಮಿಯವರು ಈ ಕಥೆಯೊಳಗೆ ಪ್ರವೇಶಿಸುವುದು ಇಲ್ಲಿಯೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಆರ್ಕಿಡ್ ಸಸ್ಯಗಳ ಭ್ರೂಣವಿಕಾಸವನ್ನು ಕುರಿತು ಸಾಲುಸಾಲಾಗಿ ಸಂಶೋಧನ ಲೇಖನಗಳನ್ನು ಪ್ರಕಟಿಸಿ ಹೆಸರು ಗಳಿಸಿದ್ದ ಅವರು 1940ರ ದಶಕದ ಉತ್ತರಾರ್ಧದಲ್ಲಿ ಹಾರ್ವರ್ಡಿಗೆ ಹೋಗಿ ಬೈಲಿಯವರ ಸಹೋದ್ಯೋಗಿಯಾದರು. ಬೈಲಿಯವರು ಮರದ ಒಳರಚನೆಯಲ್ಲಿ ಅದ್ವಿತೀಯರು. ಸ್ವಾಮಿಯವರು ಬೀಜದೊಳಗಿನ ಭ್ರೂಣದಲ್ಲಿ ನುರಿತವರು. ಒಬ್ಬರ ವಿದ್ಯೆ ಕಾಂಡದಿಂದ ಹೊರಟು, ಇನ್ನೊಬ್ಬರದು ಅಂಡಕದಿಂದ ಹೊರಟು ಹೂವಿನ ನಡುವೆ ಸಂಧಿಸಿದ್ದು ಆ ಶಾಸ್ತ್ರದ ಸೌಭಾಗ್ಯವೆಂದೇ ಹೇಳಬೇಕು. ಡೆಗೆನೇರಿಯದ ರೂಪರಚನೆಯನ್ನು ಮತ್ತಷ್ಟು ಆಳವಾಗಿ ವಿವರಿಸಿದ ಸ್ವಾಮಿಯವರ ದೀರ್ಘಪ್ರಬಂಧ 1949ರಲ್ಲಿ ಹಾರ್ವರ್ಡಿನ ಆರ್ನಲ್ಡ್ ಸಸ್ಯೋದ್ಯಾನದ ನಿಯತಕಾಲಿಕೆಯಲ್ಲಿ ಬಂದಿತು. ಹೂಬಿಡುವ ಸಸ್ಯಗಳೆಲ್ಲ ಒಂದು ಬೀಜದಳದವು ಅಥವಾ ಎರಡು ಬೀಜದಳದವು ಎಂದು ನಾವು ಶಾಲೆಯಲ್ಲಿ ಕಲಿಯುತ್ತೇವೆ. ಜೋಳ ಒಂದರ ಗುಂಪಿನದು, ಕಡಲೆ ಎರಡರ ಗುಂಪಿನದು. ಎರಡರ ಗುಂಪಿಗೆ ಸೇರಬೇಕಾದ ಡೆಗೆನೇರಿಯದ ಭ್ರೂಣದಲ್ಲಿಯಾದರೋ ಬೀಜದಳಗಳು ಸಾಮಾನ್ಯವಾಗಿ ಮೂರು, ಕೆಲವೊಮ್ಮೆ ನಾಲ್ಕು. ಬೀಜದೊಳಗೆ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಅಲ್ಪವಾಗಿರುವ ಆ ಭ್ರೂಣವನ್ನು ಪದರಪದರವಾಗಿ ಕತ್ತರಿಸಿ, ಬಣ್ಣವೇರಿಸಿ, ಒಂದರ ಮೇಲೊಂದು ಪದರದ ಚಿತ್ರವನ್ನು ಜೋಡಿಸಿ ಒಟ್ಟು ಆಕೃತಿಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು ಎಂಥ ಏಕಾಗ್ರತೆಯ ಕಾರ್ಯವೆಂಬುದನ್ನು ಆ ಕೆಲಸ ಮಾಡಿದವರೇ ಬಲ್ಲರು. ಮಡಿಸಿದ ಎಲೆಯಂಥ ಈ ಅಂಡಪರ್ಣವೇ ಪುರಾತನ ರೂಪವೆಂದೂ, ಅದು ಕ್ರಮಕ್ರಮವಾಗಿ ಅಂಚುಗೂಡಿ ಮುಚ್ಚಿಕೊಂಡು ಇತರ ಹೂಗಳ ಅಂಡಾಶಯವಾಯಿತೆಂದೂ ಬೈಲಿ ಮತ್ತು ಸ್ವಾಮಿಯವರು ಕೂಡಿ 1951ರಲ್ಲಿ ಮಂಡಿಸಿದ ಪ್ರಬಂಧ ದೀರ್ಘಕಾಲ ಸಸ್ಯಶಾಸ್ತ್ರದ ಪಠ್ಯಗಳಲ್ಲಿ ನೆಲೆನಿಂತಿತು.

ಇದಕ್ಕಿಂತ ಹೆಚ್ಚು ಕೌತುಕದ ಸಂಗತಿ ನ್ಯೂ ಕ್ಯಾಲಿಡೋನಿಯದ್ದು. ಆಸ್ಟ್ರೇಲಿಯದ ಪೂರ್ವದಲ್ಲಿರುವ ಆ ದ್ವೀಪ ಅಪ್ಪಟ ಸಾಗರದ್ವೀಪವಲ್ಲ, ಪುರಾತನ ಖಂಡವೊಂದರ ತುಣುಕು. ಆದರೂ ಬಹುಕಾಲ ನೀರಿನಲ್ಲಿ ಮುಳುಗಿದ್ದು ಸುಮಾರು 3.7 ಕೋಟಿ ವರ್ಷಗಳ ಹಿಂದೆ ಮತ್ತೆ ಮೇಲೆದ್ದಿತೆಂದು ಭೂವಿಜ್ಞಾನಿಗಳು ಹೇಳುವುದರಿಂದ, ಅಲ್ಲಿಯ ಜೀವಗಳ ಇತಿಹಾಸ ಸಾಗರದ್ವೀಪಗಳ ಇತಿಹಾಸಕ್ಕೆ ಸಮೀಪವಾದುದು. ಅದರ ಮಲೆಕಾಡುಗಳಲ್ಲಿ ಬೆಳೆಯುವ ಅಂಬೊರೆಲ್ಲ ಟ್ರೈಕೊಪೋಡ ಎಂಬ ಪೊದೆಮರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ವಿದ್ವಾಂಸರಾದ ಆನ್ರಿ ಬಯ್ಯೋಂ ಹೆಸರಿಸಿದ್ದರು. ಕೆಲವೇ ಮಿಲಿಮೀಟರ್ ಅಗಲದ ಕೆನೆಬಣ್ಣದ ಹೂ, ಗಂಡುಹೂವಿನ ಗಿಡ ಬೇರೆ ಹೆಣ್ಣುಹೂವಿನ ಗಿಡ ಬೇರೆ, ಸಣ್ಣ ಕೆಂಪು ಹಣ್ಣು. ನೋಡಿದವರ ಮನಸ್ಸನ್ನು ಸೆಳೆಯುವ ಯಾವ ಆಡಂಬರವೂ ಅದಕ್ಕಿಲ್ಲ. ಮೋನಿಮಿಯೇಸೀ ಎಂಬ ಕುಟುಂಬದ ಮೂಲೆಯೊಂದರಲ್ಲಿ ಅದನ್ನು ಇಟ್ಟು ಎಲ್ಲರೂ ಮರೆತಿದ್ದರು.

ಬೈಲಿ ಮತ್ತು ಸ್ವಾಮಿಯವರು ಅದರ ಕಾಂಡವನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟಾಗ ಕಂಡದ್ದೇನೆಂಬುದನ್ನು ಈ ಸೀಮೆಯ ಬಡಿಗೇರರಿಗೆ ನಾನು ಬಹಳ ಸುಲಭವಾಗಿ ತಿಳಿಸಬಲ್ಲೆ. ಕಲಘಟಗಿಯ ತೊಟ್ಟಿಲು ನಾಡಿಗೆಲ್ಲ ಪ್ರಸಿದ್ಧ. ಅದರ ಸಾಗವಾನಿ ಕಾಲಿಗೆ ಅರಗಿನ ಬಣ್ಣ ಏರುವ ಮೊದಲು, ಅಡ್ಡಗೊಯ್ದ ತುದಿಯನ್ನು ಹರಿತವಾದ ಉಳಿಯಿಂದ ಸವರಿ, ನೀರು ಸವರಿ ಬೆಳಕಿಗೆ ಹಿಡಿದರೆ ವರ್ಷವರ್ಷದ ಬಳೆಗಳ ಗುಂಟ ಸೂಜಿಮೊನೆಯಷ್ಟು ರಂಧ್ರಗಳ ಸಾಲು ಬರಿಗಣ್ಣಿಗೇ ಕಾಣುತ್ತದೆ. ಭೂತಗನ್ನಡಿ ಇದ್ದರಂತೂ ಮಾತೇ ಬೇಡ. ಅವು ಬೇರಿನಿಂದ ಎಲೆಗೆ ನೀರು ಏರುವ ನಾಳಗಳು. ಉದ್ದನೆಯ ಜೀವಕೋಶಗಳು ಒಂದರ ಮೇಲೊಂದು ನಿಂತು, ನಡುವಣ ಗೋಡೆಗಳು ಕರಗಿಹೋಗಿ ನಾಳವಾಗುತ್ತದೆ. ನಮ್ಮ ಹೊನ್ನೆ, ಮತ್ತಿ, ಬೇವು, ಮಾವು ಯಾವುದನ್ನೇ ಕೊಯ್ದರೂ ಈ ನಾಳಗಳು ಇದ್ದೇ ಇರುತ್ತವೆ. ಅಂಬೊರೆಲ್ಲದಲ್ಲಿ ಅವು ಇಲ್ಲ. ಅಲ್ಲಿ ಎರಡು ತುದಿಯೂ ಮುಚ್ಚಿದ ಸಣ್ಣ ಕೋಶಗಳಷ್ಟೇ ಇದ್ದು, ನೀರು ಒಂದರಿಂದ ಇನ್ನೊಂದಕ್ಕೆ ಗೋಡೆಯ ಸೂಕ್ಷ್ಮವಾದ ತೆಳುಪೊರೆಯ ಮೂಲಕ ಒಸರಬೇಕು. ಸೂಜಿಯೆಲೆಯ ದೇವದಾರು, ಪೈನ್ ಮರಗಳಲ್ಲಿರುವ ವ್ಯವಸ್ಥೆ ಇದು; ಹೂಬಿಡುವ ಗಿಡದಲ್ಲಿ ಅತ್ಯಂತ ವಿರಳ. 1948ರಲ್ಲಿ ಪ್ರಕಟವಾದ ತಮ್ಮ ಲೇಖನದ ಶಿರೋನಾಮೆಯಲ್ಲಿಯೇ ಅವರಿಬ್ಬರೂ ಇದನ್ನು ನಾಳರಹಿತ ದ್ವಿದಳಸಸ್ಯಗಳಲ್ಲಿ ಹೊಸತೊಂದು ರೂಪಮಾದರಿಯೆಂದು ಕರೆದರು. ಅದೇ ವರ್ಷ ಫ್ರಾನ್ಸಿನ ಮಾರ್ಸೆಲ್ ಪಿಶೋಂ ಅದಕ್ಕಾಗಿ ಪ್ರತ್ಯೇಕವಾದ ಕುಟುಂಬವನ್ನೇ ಸ್ಥಾಪಿಸಿದರು.

ಅರ್ಧಶತಮಾನ ಕಳೆಯಿತು. ಸ್ವಾಮಿಯವರು 1980ರಲ್ಲಿ ತೀರಿಕೊಂಡಿದ್ದರು. ಬೈಲಿಯವರು ಅದಕ್ಕೂ ಮೊದಲೇ ಕಾಲವಾಗಿದ್ದರು. 1999ರಲ್ಲಿ, ಡಿ.ಎನ್.ಎ. ಅಕ್ಷರಮಾಲೆಯನ್ನು ಹೋಲಿಸಿ ಸಸ್ಯಗಳ ವಂಶವೃಕ್ಷವನ್ನು ರಚಿಸುತ್ತಿದ್ದ ಹಲವು ತಂಡಗಳು ಒಂದರ ಹಿಂದೊಂದು ಒಂದೇ ತೀರ್ಮಾನಕ್ಕೆ ಬಂದವು: ಹೂಬಿಡುವ ಸಸ್ಯಗಳ ಮಹಾವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆಯೆಂದರೆ ನ್ಯೂ ಕ್ಯಾಲಿಡೋನಿಯದ ಈ ಅಂಬೊರೆಲ್ಲ. ಮೂರು ಲಕ್ಷಕ್ಕೆ ಸಮೀಪವಾದ ಇತರ ಪ್ರಭೇದಗಳೆಲ್ಲ, ಸಂಪಿಗೆಯಿಂದ ಹಿಡಿದು ನಮ್ಮ ಹೊಲದ ಗೋವಿನಜೋಳ ಹತ್ತಿಗಳವರೆಗೆ, ಒಂದು ಕಡೆ. ಈ ಒಂದೇ ಪ್ರಭೇದ ಇನ್ನೊಂದು ಕಡೆ. 2013ರಲ್ಲಿ ಅದರ ಸಂಪೂರ್ಣ ಜೀನೋಮ್ ಪ್ರಕಟವಾಯಿತು. ಇದನ್ನು ಕೇಳಿ ಅಂಬೊರೆಲ್ಲವೇ ಹೂಗಿಡಗಳ ಮೂಲಪುರುಷನೆಂದು ತಿಳಿಯುವುದು ಸರಿಯಲ್ಲ. ಅದು ತಾಯಿಯಲ್ಲ, ಬಹಳ ಹಿಂದೆಯೇ ಬೇರೆ ಹೋದ ಅಕ್ಕ, ನಮ್ಮ ಕಾಲದವರೆಗೆ ತಾನೂ ಬದಲಾಗುತ್ತ ಬಂದವಳು. ಅದರ ವಂಶ ಕವಲೊಡೆದದ್ದು 13 ಕೋಟಿ ವರ್ಷಗಳಿಗೂ ಹಿಂದೆ. ಅದು ನೆಲಸಿರುವ ದ್ವೀಪವಾದರೋ ಅದಕ್ಕಿಂತ ಬಹಳ ಈಚಿನದು. ಬೇರೆಲ್ಲೋ ಬಾಳಿ, ಬೇರೆಲ್ಲ ಕಡೆಯೂ ಅಳಿದು, ಕಡೆಗೆ ಈ ಒಂದು ದ್ವೀಪದಲ್ಲಿ ಮಾತ್ರ ಉಳಿದುಬಂದ ಸಂತತಿ ಅದು. ದ್ವೀಪಗಳು ಹೊಸ ಪ್ರಭೇದಗಳನ್ನು ಹುಟ್ಟಿಸುವುದು ಮಾತ್ರವಲ್ಲದೆ ಅತಿ ಹಳೆಯವನ್ನು ಕಾಪಾಡುವುದೂ ಉಂಟೆಂಬುದಕ್ಕೆ ಇದಕ್ಕಿಂತ ಉಜ್ಜ್ವಲವಾದ ಉದಾಹರಣೆ ನನಗೆ ತಿಳಿಯದು. ಡಿ.ಎನ್.ಎ.ಯ ಹೆಸರೂ ಇಲ್ಲದ ಪ್ರಯೋಗಶಾಲೆಯಲ್ಲಿ, ಕೇವಲ ಕತ್ತರಿಸಿದ ಕಾಂಡವನ್ನು ನೋಡಿ, ಈ ಗಿಡ ಎಲ್ಲರಂತಲ್ಲವೆಂದು ಜಗತ್ತಿಗೆ ತಿಳಿಸಿದ ಇಬ್ಬರಲ್ಲಿ ಒಬ್ಬರು ಬೆಂಗಳೂರಿನವರೆಂಬುದು ನಮ್ಮ ಮಕ್ಕಳ ಪಠ್ಯದಲ್ಲಿ ಇರಬೇಕಾದ ಸಂಗತಿ.

ಪೂರ್ತಿ ಚಿತ್ರ ಬೇಕಾದರೆ ಮುಂದೆ ತಿದ್ದುಪಡಿಗೊಳಗಾದ ಅವರ ಕೆಲಸವನ್ನೂ ಹೇಳಬೇಕು. ಕ್ಲೊರಾಂಥೇಸೀ ಎಂಬುದು ಎಸಳುಗಳೇ ಇಲ್ಲದ ಬತ್ತಲೆ ಹೂಗಳ ಕುಟುಂಬ. ಅದರಲ್ಲಿ ಸಾರ್ಕಾಂಡ್ರ ಎಂಬ ಕುಲವೂ ನಾಳರಹಿತವಾದುದೆಂದು ಸ್ವಾಮಿ ಮತ್ತು ಬೈಲಿಯವರು 1950ರಲ್ಲಿ ಪ್ರಕಟಿಸಿದರು. ದಕ್ಷಿಣ ಭಾರತದಲ್ಲಿ ಬೆಳೆಯುವ ಅದರ ಗಿಡವೊಂದು ಪ್ರತ್ಯೇಕ ಪ್ರಭೇದವೆಂದು ಕಂಡು ಸ್ವಾಮಿಯವರು 1953ರಲ್ಲಿ ಅದಕ್ಕೆ ತಮ್ಮ ಗುರುವಿನ ಹೆಸರನ್ನಿಟ್ಟರು: ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ. ಅದೇ ವರ್ಷ, ಅದೇ ಕುಟುಂಬದ ಅಸ್ಕರೀನ ಎಂಬ ಕುಲವನ್ನು ಆಮೂಲಾಗ್ರವಾಗಿ ಪರಿಷ್ಕರಿಸಿದರು. ಅಸ್ಕರೀನ ನಿಜವಾದ ಅರ್ಥದಲ್ಲಿ ದ್ವೀಪಗಳ ಕುಲ. ಕ್ಯಾಪ್ಟನ್ ಕುಕ್ಕರ ಎರಡನೆಯ ಯಾತ್ರೆಯಲ್ಲಿ ಜೊತೆಗಿದ್ದ ಫಾರ್ಸ್ಟರ್ ತಂದೆಮಕ್ಕಳು ತಾಹಿತಿಯ ಕಡೆಯ ದ್ವೀಪಗಳ ಗಿಡದ ಆಧಾರದ ಮೇಲೆ 1770ರ ದಶಕದಲ್ಲಿ ಅದನ್ನು ಸ್ಥಾಪಿಸಿದರು. ನ್ಯೂಜಿಲೆಂಡ್, ನ್ಯೂ ಕ್ಯಾಲಿಡೋನಿಯ, ಫಿಜಿ, ಸಮೋವಗಳಲ್ಲಿ ಅದರ ಪ್ರಭೇದಗಳು ಹರಡಿಕೊಂಡಿವೆ. ಒಂದೊಂದು ದ್ವೀಪದಲ್ಲಿ ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಸಂಗ್ರಹಿಸಿ ಬೇರೆ ಬೇರೆ ಹೆಸರುಗಳಿಂದ ಇಟ್ಟಿದ್ದ ಹಾಳೆಗಳನ್ನೆಲ್ಲ ತರಿಸಿ, ಯಾವುದು ಯಾವುದರೊಡನೆ ಸೇರಬೇಕು, ಯಾವುದು ಬೇರೆಯಾಗಿ ನಿಲ್ಲಬೇಕು ಎಂದು ತೀರ್ಮಾನಿಸುವುದು ಕೀರ್ತಿ ತರುವ ಕೆಲಸವಲ್ಲ. ಆದರೆ ವರ್ಗೀಕರಣವೆಂಬ ಕಟ್ಟಡ ನಿಂತಿರುವುದು ಅದರ ಮೇಲೆಯೇ. ಆ ಪರಿಷ್ಕರಣದಲ್ಲಿ ಹೊಸದೆಂದು ಕಂಡ ಒಂದು ಪ್ರಭೇದಕ್ಕೆ ಭಾರತದಲ್ಲಿ ಸಸ್ಯಭ್ರೂಣಶಾಸ್ತ್ರವನ್ನು ಬೆಳೆಸಿದ ಪಂಚಾನನ ಮಹೇಶ್ವರಿಯವರ ಗೌರವಾರ್ಥವಾಗಿ ಅಸ್ಕರೀನ ಮಹೇಶ್ವರಿಯೈ ಎಂದು ಹೆಸರಿಟ್ಟರು. ಪೆಸಿಫಿಕ್ ದ್ವೀಪಗಳ ಸಸ್ಯಪಟ್ಟಿಯಲ್ಲಿ ಭಾರತದ ಅಧ್ಯಾಪಕರೊಬ್ಬರ ಹೆಸರು ಸೇರಿದ್ದು ಹೀಗೆ.

ಮುಂದೇನಾಯಿತು? 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಸಾರ್ಕಾಂಡ್ರದ ದಾರುವನ್ನು ಮತ್ತೆ ಪರೀಕ್ಷಿಸಿ ಅದರಲ್ಲಿ ನಾಳಗಳಿವೆಯೆಂದು ತೋರಿಸಿಕೊಟ್ಟರು. ಈ ಕಾರ್ಲ್‌ಕ್ವಿಸ್ಟರೂ ಹಾರ್ವರ್ಡಿನಲ್ಲಿ ಬೈಲಿಯವರ ಬಳಿ ಕೆಲಸ ಕಲಿತವರು, ದ್ವೀಪಗಳ ಜೀವಶಾಸ್ತ್ರವನ್ನು ಕುರಿತು ಪ್ರಮಾಣಭೂತವಾದ ಗ್ರಂಥಗಳನ್ನು ಬರೆದವರು. ಅಂದರೆ ಗುರುವಿನ ಮತವನ್ನು ತಿದ್ದಿದವರು ಅದೇ ಗುರುಕುಲದವರೇ. ಇರ್ವಿಂಗ್‌ಬೈಲಿಯೈ ಪ್ರಭೇದವನ್ನೂ ಮುಂದಿನ ಕೆಲವು ವರ್ಗೀಕರಣಕಾರರು ಪ್ರತ್ಯೇಕವೆಂದು ಒಪ್ಪದೆ ಹಳೆಯ ಪ್ರಭೇದವೊಂದರಲ್ಲಿಯೇ ಸೇರಿಸಿದ್ದಾರೆ. ನಾಳಗಳು ಒಮ್ಮೆ ಮೂಡಿದ ಮೇಲೆ ಮತ್ತೆ ಮಾಯವಾಗಲಾರವೆಂಬ ಬೈಲಿಯವರ ಸಿದ್ಧಾಂತವನ್ನೂ ಈಗ ಎಲ್ಲರೂ ಒಪ್ಪುವುದಿಲ್ಲ. ಇದರಿಂದ ಸ್ವಾಮಿಯವರ ಗೌರವಕ್ಕೆ ಯಾವ ಊನವೂ ಇಲ್ಲವೆಂದು ನಾನು ನಂಬಿದ್ದೇನೆ. ಅವರು ಬಿಟ್ಟುಹೋದ ವರ್ಣನೆಗಳೂ ಚಿತ್ರಗಳೂ ಎಷ್ಟು ಸ್ಪಷ್ಟವಾಗಿವೆಯೆಂದರೆ ಮುಂದೆ ಬಂದವರು ಅವುಗಳನ್ನು ಹಿಡಿದುಕೊಂಡೇ ತಪ್ಪೊಪ್ಪುಗಳನ್ನು ತೂಗಿ ನೋಡಲು ಸಾಧ್ಯವಾಯಿತು. ಅಸ್ಪಷ್ಟವಾಗಿ ಹೇಳಿದ್ದನ್ನು ತಿದ್ದುವುದು ಯಾರಿಂದಲೂ ಆಗಲೊಲ್ಲದು.

ಡೆಗೆನೇರಿಯದ ಕಥೆಯೂ 1942ಕ್ಕೆ ಮುಗಿಯಲಿಲ್ಲ. ಫಿಜಿಯಲ್ಲೆಲ್ಲ ಇರುವುದು ಒಂದೇ ಪ್ರಭೇದವೆಂದು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಎಲ್ಲರೂ ನಂಬಿದ್ದರು. ವಿತಿಲೆವು ದ್ವೀಪದ ಮರಗಳಿಗಿಂತ ವನುವಾಲೆವು ಮತ್ತು ತವೆಯುನಿ ದ್ವೀಪಗಳ ಮರಗಳು ಭಿನ್ನವೆಂದೂ, ಅವುಗಳ ಹೂ ಗುಲಾಬಿವರ್ಣದ್ದೆಂದೂ ಗಮನಿಸಿ ಡೆಗೆನೇರಿಯ ರೋಸಿಫ್ಲೋರ ಎಂಬ ಎರಡನೆಯ ಪ್ರಭೇದವನ್ನು ಹೆಸರಿಸಿದ್ದು 1988ರಲ್ಲಿ. ಒಣಗಿದ ಹಾಳೆಯಲ್ಲಿ ಹೂವಿನ ಬಣ್ಣ ಉಳಿಯುವುದಿಲ್ಲ. ಸಂಗ್ರಹಿಸಿದವನು ಚೀಟಿಯಲ್ಲಿ ಬಣ್ಣವನ್ನು ಬರೆಯದಿದ್ದರೆ ಆ ಸಂಗತಿ ಎಂದೆಂದಿಗೂ ನಷ್ಟವಾದಂತೆಯೇ.

ಸಾಗರದ ಮಾತು ಸಾಕು. ದ್ವೀಪಕ್ಕೆ ಸುತ್ತಲೂ ಉಪ್ಪುನೀರೇ ಇರಬೇಕೆಂಬ ನಿಯಮವಿಲ್ಲ. ಒಂದು ಬಗೆಯ ನೆಲೆಯನ್ನು ಇನ್ನೊಂದು ಬಗೆಯ ನೆಲ ಸುತ್ತುವರಿದು ಬೇರ್ಪಡಿಸಿದರೆ ಅಲ್ಲಿಯ ಗಿಡಗಳಿಗೆ ಅದು ದ್ವೀಪವೇ. ನಮ್ಮ ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನಲ್ಲಿ ಕತ್ತಲೆಕಾನವೆಂಬ ಹೆಸರಿಗೆ ತಕ್ಕ ಕಾಡಿದೆ. ಅಲ್ಲಿ ವರ್ಷವಿಡೀ ನೀರು ನಿಂತ ಜೌಗಿನಲ್ಲಿ, ಕೆಸರಿನಿಂದ ಮಂಡಿಬೇರುಗಳನ್ನು ಮೇಲೆತ್ತಿಕೊಂಡು, ರಾಮಪತ್ರೆಯ ಕುಟುಂಬದ ಮರಗಳು ನಿಂತಿವೆ. ಇವು ಡೆಗೆನೇರಿಯದ ಗಣಬಂಧುಗಳೆಂದು ಆಗಲೇ ಹೇಳಿದೆನಷ್ಟೆ. ಒಂದು ಜೌಗಿಗೂ ಇನ್ನೊಂದು ಜೌಗಿಗೂ ನಡುವೆ ಒಣನೆಲದ ಕಾಡು, ತೋಟ, ಗದ್ದೆ. ಆ ಜೌಗಿನಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ಸಂಶೋಧಕರು ಗುರುತಿಸಿದ ಮರವೊಂದು 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೊಸ ಪ್ರಭೇದವಾಗಿ ಪ್ರಕಟವಾಯಿತು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ಮರಕ್ಕೆ ಅದು ಸಹೋದರ. ಹುಲ್ಲಿನೆಸಳಲ್ಲ, ಹಾವಸೆಯಲ್ಲ, ದೊಡ್ಡ ಎಲೆಗಳ ದೊಡ್ಡ ಮರ, ಜನ ಓಡಾಡುವ ಜಿಲ್ಲೆಯಲ್ಲಿ, ಇಪ್ಪತ್ತನೆಯ ಶತಮಾನ ಮುಗಿಯುವವರೆಗೆ ಶಾಸ್ತ್ರದಲ್ಲಿ ಹೆಸರಿಲ್ಲದೆ ನಿಂತಿತ್ತು! ಉಳಿದಿರುವ ಮರಗಳೂ ಬಹಳ ಕಡಿಮೆ.

ಅಂಥ ಮರವೇ ಹೆಸರಿಲ್ಲದೆ ನಿಂತಿದ್ದ ಮೇಲೆ ನಮ್ಮ ಸುತ್ತಣ ಗಿಡಗಳನ್ನೂ ನೋಡಬೇಕು. ಬಮ್ಮಿಗಟ್ಟಿಯ ಸುತ್ತಣ ಕೆರೆಯಂಗಳ, ಹಳ್ಳದ ದಂಡೆ, ಹೊಲದ ಬದುಗಳ ಗಿಡಗಳನ್ನು ಒಣಗಿಸಿ ದಾಖಲಿಸುವ ಕಾರ್ಯಕ್ಕೆ ಶಾಲೆಯೇ ಯೋಗ್ಯವಾದ ಸ್ಥಾನವೆಂದು ನನಗೆ ತೋರುತ್ತದೆ. ಬೇಕಾಗುವ ಸಾಮಗ್ರಿ ಅಲ್ಪ: ಹಳೆಯ ವೃತ್ತಪತ್ರಿಕೆ, ಒತ್ತಲು ಎರಡು ಹಲಗೆ, ಕಟ್ಟಲು ಹಗ್ಗ, ದಪ್ಪನೆಯ ಹಾಳೆ, ಸೂಜಿದಾರ. ಹೂ ಅಥವಾ ಕಾಯಿ ಇರುವ ರೆಂಬೆಯನ್ನೇ ಆರಿಸಬೇಕು. ಮೊದಲ ಕೆಲವು ದಿನ ಪತ್ರಿಕೆಯನ್ನು ದಿನಾಲೂ ಬದಲಾಯಿಸಬೇಕು, ಇಲ್ಲವಾದರೆ ಬೂಜು ಹಿಡಿಯುತ್ತದೆ. ಹಾಳೆಯ ಬಲಮೂಲೆಯ ಚೀಟಿಯಲ್ಲಿ ಊರು, ಸ್ಥಳ, ತಾರೀಖು, ಗಿಡದ ಎತ್ತರ, ಹೂವಿನ ಬಣ್ಣ, ಕಿತ್ತವರ ಹೆಸರು, ಇಲ್ಲಿಯ ಹಿರಿಯರು ಆ ಗಿಡಕ್ಕೆ ಹೇಳುವ ಹೆಸರು ಇಷ್ಟನ್ನೂ ಬರೆಯಬೇಕು. ಕಾಯ್ದಿಟ್ಟ ಅಡವಿಯೊಳಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಏನನ್ನೂ ಕೀಳಬಾರದು, ಒಂದೆರಡೇ ಇರುವ ಗಿಡವನ್ನು ಎಲ್ಲಿಯೂ ಕೀಳಬಾರದು. ಅಂಥದರ ಚಿತ್ರ ತೆಗೆದರೆ ಸಾಕು. ಪ್ರತಿಯೊಂದಕ್ಕೂ ಎರಡು ಹಾಳೆ ಮಾಡಿ, ಒಂದನ್ನು ಶಾಲೆಯ ಕಪಾಟಿನಲ್ಲಿಟ್ಟು, ಇನ್ನೊಂದನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದವರಿಗೆ ತೋರಿಸಿ ಹೆಸರನ್ನು ಖಚಿತಪಡಿಸಿಕೊಳ್ಳಬಹುದು. ಮಳೆ ನಿಂತು ಹಳ್ಳದ ದಂಡೆಯ ಗಿಡಗಳು ಹೂಬಿಡುವ ವೇಳೆಗೆ ಶಿಕ್ಷಕರು ಈ ಕೆಲಸವನ್ನು ಆರಂಭಿಸುವುದಾದರೆ, ಮೊದಲ ವರ್ಷಕ್ಕೆ ಬೇಕಾಗುವ ಹಾಳೆ, ಹಲಗೆಗಳನ್ನೂ ನಾಲ್ಕು ಭೂತಗನ್ನಡಿಗಳನ್ನೂ ನಾನು ಕಳಿಸಿಕೊಡುತ್ತೇನೆ. ಮಕ್ಕಳೊಡನೆ ಮೊದಲ ಹಾಳೆಯನ್ನು ಒತ್ತಲು ನಾನೇ ಬರುತ್ತೇನೆ.